ಅಡಿಗೆಮನೆಯ ಕಪಾಟು ಮತ್ತು ಆರೋಗ್ಯ



ಬಾಟನಿ ಡೌನ್ಸಿನ ಚಳಿಗಾಲದಲ್ಲಿ ನಾವು ಕಿಟಕಿ ಮುಚ್ಚಿಯೇ ಒಗ್ಗರಣೆ ಹಾಕುತ್ತೇವೆ. ಎಣ್ಣೆಯ ಸೂಕ್ಷ್ಮ ಹನಿಗಳು ಹಬೆಯೊಡನೆ ಏರಿ ಕಪಾಟಿನ ಬಾಗಿಲುಗಳ ಮೇಲೆ ಕೂರುತ್ತವೆ. ಕ್ರಮೇಣ ಗಾಳಿಯ ಆಮ್ಲಜನಕದೊಡನೆ ಸಂಯೋಗ ಹೊಂದಿ ಮೆರುಗೆಣ್ಣೆಯಂತೆ ಗಟ್ಟಿಯಾಗುತ್ತವೆ. ಬರಿಯ ನೀರಿಗೆ ಈ ಜಿಡ್ಡು ಬಿಡದಿರುವುದು ಇದರಿಂದಲೇ.

ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ಬಿಸಿನೀರಿನಲ್ಲಿ ಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ ಒರೆಸಬೇಕು. ಐದು ನಿಮಿಷ ಬಿಟ್ಟು ಮತ್ತೊಮ್ಮೆ ಒರೆಸಿ, ಒಣಬಟ್ಟೆಯಿಂದ ತೇವ ತೆಗೆಯಬೇಕು. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಅಂಚಿಗೆ ನೀರಿಳಿದರೆ ಅದು ಉಬ್ಬಿ ಹಾಳಾಗುತ್ತದೆ.

ವೈದ್ಯರಾಗಿ ನಾವು ಹೇಳಲೇಬೇಕಾದ ಮಾತೊಂದಿದೆ. ಬೇಗ ಹೊಳಪು ಬರಲೆಂದು ಬ್ಲೀಚಿಗೆ ವಿನೆಗರ್ ಬೆರೆಸಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಅಮೋನಿಯಾ ಸೇರಿದರೆ ಕ್ಲೋರಮೀನ್. ಎರಡೂ ಶ್ವಾಸನಾಳವನ್ನು ಸುಡುವಂಥವು. ಆಸ್ತಮಾ ಇರುವವರಿಗೆ ಪ್ರಾಣಾಪಾಯವೂ ಆದೀತು. ಕಣ್ಣುರಿ, ಕೆಮ್ಮು ಕಂಡೊಡನೆ ಎಲ್ಲವನ್ನೂ ಬಿಟ್ಟು ಹೊರಗಿನ ಗಾಳಿಗೆ ಬಂದು, ಡುನೆಡಿನ್ನಿನ ರಾಷ್ಟ್ರೀಯ ವಿಷ ಕೇಂದ್ರಕ್ಕೆ (0800 764 766) ಕರೆಮಾಡಬೇಕು. ಉಸಿರಾಟ ಕಷ್ಟವಾದರೆ ತಡಮಾಡದೆ 111.

ಉಳಿದ ದ್ರಾವಣವನ್ನು ಹಣ್ಣಿನ ರಸದ ಖಾಲಿ ಬಾಟಲಿಗೆ ತುಂಬಿಡುವ ನಮ್ಮವರ ಅಭ್ಯಾಸವೂ ನಿಲ್ಲಬೇಕು. ಮಗುವಿಗೆ ಅದು ಪಾನಕದಂತೆಯೇ ಕಾಣುತ್ತದೆ. ಸಿಂಕಿನ ಕೆಳಗಿನ ಆ ಕಪಾಟಿಗೆ ಇಂದೇ ಚಿಲಕ ಹಾಕಿಸೋಣ.