ಬಲಗೈಯಲ್ಲಿ ತಿನ್ನು ಎಂದರೆ ಸಾಲದು

ನನ್ನ ಖಾಲಾನ ಮಗನಿಗೆ ಆರು ವರ್ಷ. ದಸ್ತರ್‌ಖಾನ್ ಹಾಸಿ ಎಲ್ಲರೂ ಊಟಕ್ಕೆ ಕೂತಾಗ ಅವನ ಎಡಗೈ ತಟ್ಟೆಗೆ ಹೋಗುತ್ತದೆ. ಬಲಗೈ ಮಡಚಿಕೊಂಡು ಎದೆಯ ಹತ್ತಿರವೇ ಇರುತ್ತದೆ. "ಬೇಟಾ, ಸೀದೆ ಹಾತ್ ಸೆ ಖಾ" ಎಂದು ನಾನಿ ಪ್ರತಿ ಊಟಕ್ಕೂ ಹೇಳುತ್ತಾರೆ. ಅವನು ತಲೆ ತಗ್ಗಿಸುತ್ತಾನೆ. ಕೆಲವು ಸಲ ಅರ್ಧಕ್ಕೇ ಎದ್ದು ಹೋಗುತ್ತಾನೆ.

ಅವನಿಗಿರುವುದು ಸೆರೆಬ್ರಲ್ ಪಾಲ್ಸಿ. ಬಯಾಲಜಿ ಗೆಳೆಯರಿಗೆ ಇದು ಗೊತ್ತಿರಬಹುದು, ನನ್ನಂಥ ಕಾಮರ್ಸ್‌ನವರಿಗಾಗಿ ಹೇಳುತ್ತೇನೆ. ಮಗು ಗರ್ಭದಲ್ಲಿರುವಾಗ, ಹೆರಿಗೆಯ ವೇಳೆ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ, ಬೆಳೆಯುತ್ತಿರುವ ಮಿದುಳಿಗೆ ಆಗುವ ಹಾನಿ ಇದಕ್ಕೆ ಕಾರಣ. ಇದು ಅಂಟುವ ರೋಗವಲ್ಲ. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುವುದರಿಂದ, ಹಾನಿ ಎಡಕ್ಕಾದರೆ ಬಲಗೈ ಬಿಗಿಯುತ್ತದೆ. ಹೀಗೆ ಒಂದೇ ಬದಿಗೆ ತೊಂದರೆಯಾಗುವುದನ್ನು ಹೆಮಿಪ್ಲೀಜಿಯಾ ಎನ್ನುತ್ತಾರೆ.

ಆದರೆ ಕೈ ಸುಮ್ಮನಿರುವುದಕ್ಕೆ ಬಿಗಿತವೊಂದೇ ಕಾರಣವಲ್ಲ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಟೌಬ್ ಮಂಗಗಳ ಒಂದು ಕೈಯ ಸ್ಪರ್ಶದ ನರಗಳನ್ನು ಕತ್ತರಿಸಿ ನೋಡಿದರು. (ಆ ಪ್ರಯೋಗಗಳು ದೊಡ್ಡ ವಿವಾದವಾದವು, ಓದುವಾಗ ನನಗೂ ಸಂಕಟವಾಯಿತು.) ಮಂಗಗಳು ಆ ಕೈಯನ್ನು ಬಳಸುವುದನ್ನೇ ಬಿಟ್ಟವು. ಚೆನ್ನಾಗಿದ್ದ ಕೈಯನ್ನು ಕಟ್ಟಿದಾಗ ಮತ್ತೆ ಬಳಸತೊಡಗಿದವು. ಅಂದರೆ ಕೈಗೆ ಶಕ್ತಿ ಉಳಿದಿತ್ತು, ಬಳಸದಿರುವುದು ಅಭ್ಯಾಸವಾಗಿಬಿಟ್ಟಿತ್ತು. ಇದರಿಂದ ಮೊದಲು ಪಾರ್ಶ್ವವಾಯು ಬಡಿದ ದೊಡ್ಡವರಿಗೆ, ಆಮೇಲೆ ಮಕ್ಕಳಿಗೆ ಚಿಕಿತ್ಸೆ ಹುಟ್ಟಿತು. ದೊಡ್ಡವರಾದರೆ ಮರೆತ ಕೈಯನ್ನು ನೆನಪಿಸಿಕೊಳ್ಳಬೇಕು. ಮಗುವಿಗೆ ಆ ಕೈಯ ಪರಿಚಯವೇ ಆಗಿರುವುದಿಲ್ಲ.

ಟೌಬ್ ಅವರ ತಂಡ ಮಕ್ಕಳ ಒಳ್ಳೆಯ ಕೈಗೆ ಪಟ್ಟಿ ಹಾಕಿ, ದಿನಕ್ಕೆ 6 ಗಂಟೆಯಂತೆ 21 ದಿನ ತರಬೇತಿ ಕೊಟ್ಟಿತು. ಸ್ವೀಡನ್‌ನಲ್ಲಿ ಇದನ್ನು ಹಗುರ ಮಾಡಿದರು: ಕೈಗವಸು ಮಾತ್ರ, ದಿನಕ್ಕೆ 2 ಗಂಟೆ, ಎರಡು ತಿಂಗಳು. ಇನ್ನೊಂದು ವಿಧಾನದಲ್ಲಿ ಕೈ ಕಟ್ಟುವುದೇ ಇಲ್ಲ, ಎರಡೂ ಕೈ ಬೇಕಾಗುವ ಆಟಗಳನ್ನೇ ಆಡಿಸುತ್ತಾರೆ. 2011ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 42 ಮಕ್ಕಳಿಗೆ ಈ ಎರಡರಲ್ಲಿ ಒಂದನ್ನು ತಲಾ 90 ಗಂಟೆ ಮಾಡಿಸಿದರು. ಕೈಬಳಕೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಸುಧಾರಿಸಿತು. ನನಗೆ ಅನಿಸುವುದು, ಲೆಕ್ಕಕ್ಕೆ ಬರುವುದು ಕಟ್ಟಿದ ಪಟ್ಟಿಯಲ್ಲ, ಕೈ ಕೆಲಸ ಮಾಡಿದ ಗಂಟೆಗಳು.

ಹಾಗಾದರೆ ನಾನಿ ಹೇಳುತ್ತಿದ್ದುದೂ ಚಿಕಿತ್ಸೆಯೇ ಅಲ್ಲವೇ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಅಲ್ಲ. ಥೆರಪಿಸ್ಟ್ ಮಗುವಿನ ಕೈಗೆ ಈಗ ಎಟಕುವುದಕ್ಕಿಂತ ಒಂದು ಕೂದಲಷ್ಟೇ ಕಷ್ಟವಾದ ಕೆಲಸ ಕೊಡುತ್ತಾರೆ. ಮೊದಲು ದೊಡ್ಡ ಚೆಂಡು, ನಂತರ ಚಿಕ್ಕದು, ಆಮೇಲೆ ಗೋಲಿ. ಸ್ವಲ್ಪ ಮಾಡಿದರೂ ಶಹಭಾಸ್ ಎನ್ನುತ್ತಾರೆ. ಹಸಿದ ಮಗುವಿಗೆ ಎಲ್ಲರೆದುರು ಅನ್ನ ಕಲಸಿ ತಿನ್ನು ಎನ್ನುವುದು ಅತಿ ಕಷ್ಟದ ಪರೀಕ್ಷೆಯನ್ನು ಮೊದಲ ದಿನವೇ ಇಟ್ಟ ಹಾಗೆ. ಬಲಗೈಯಲ್ಲಿ ಉಣ್ಣುವುದು ಸುನ್ನತ್, ನಿಜ. ಆದರೆ ದೇಹಕ್ಕೆ ಅಡಚಣೆ ಇರುವವರಿಗೆ ಎಡಗೈಯಲ್ಲಿ ಉಣ್ಣಲು ದೀನ್‌ನಲ್ಲಿ ರಿಯಾಯಿತಿ ಇದೆ. ಆರು ವರ್ಷದವನಿಗೆ ಅದನ್ನು ನಾವೇ ಕೊಡಬೇಕಲ್ಲವೇ? ಇನ್ನು ಒಳ್ಳೆಯ ಕೈಯನ್ನು ಮನೆಯಲ್ಲಿ ನಾವಾಗಿಯೇ ಕಟ್ಟಿಹಾಕುವುದಂತೂ ಬೇಡ. ಮಗು ಎಡವಿದರೆ ಊರಿಕೊಳ್ಳಲು ಇರುವುದು ಅದೊಂದೇ ಕೈ.

ಈಗ ಥೆರಪಿಸ್ಟ್ ಹೇಳಿದಂತೆ ಖಾಲಾ ಅವನಿಗೆ ಬಾಳೆಹಣ್ಣು ಸುಲಿಯಲು, ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯಲು ಕೊಡುತ್ತಾರೆ. ಊಟದ ಹೊತ್ತಿಗೆ ಯಾರೂ ಏನೂ ಹೇಳುವುದಿಲ್ಲ. ಹೋದ ಭಾನುವಾರ ಅವನು ಪರೋಟಾವನ್ನು ಬಲಗೈ ಮುಷ್ಟಿಯಿಂದ ತಟ್ಟೆಗೆ ಒತ್ತಿ ಹಿಡಿದು, ಎಡಗೈಯಲ್ಲಿ ಹರಿದು ಮೊದಲ ತುಂಡನ್ನು ನಾನಿಗೆ ಕೊಟ್ಟ.