ಸೂಜಿ ಹಿಡಿದ ಕಾರ್ಯದರ್ಶಿ



ಈ ಪುಟಗಳಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಬೋರ್ಡೋ ದ್ರಾವಣದ ಹದ, ಗೊಬ್ಬರದ ದಾಸ್ತಾನು, ಸಾಲ ಮರುಪಾವತಿಯ ಕೊನೆಯ ದಿನ ಇಂಥವನ್ನು. ಓದಿ ಓದಿ ತಮಗೂ ಬೇಸರ ಬಂದಿರಬಹುದು. ಈ ಸಂಚಿಕೆಗೆ ಸೂಜಿ-ದಾರದ ವಿಷಯ ಬರೆಯುತ್ತಿದ್ದೇನೆ. ಐವತ್ತೇಳು ವರ್ಷದ, ಕನ್ನಡಕ ಹಾಕಿಕೊಂಡ ಗಂಡಸು ಹೊಲಿಗೆ ಕಲಿಯಲು ರಾಯಚೂರು ಜಿಲ್ಲೆಗೆ ಹೋಗಿಬಂದನೆಂದರೆ ನಗುವವರು ನಗಲಿ. ನಕ್ಕಾದ ಮೇಲೆ ಕೊನೆಯವರೆಗೂ ಓದಬೇಕೆಂದು ಕೋರಿಕೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಸಂಘದ ಮುಂದೆ ಇಡಬೇಕಾದ ಒಂದು ಸಲಹೆಯೂ ಇದೆ.

ಅರ್ಧಕ್ಕೆ ನಿಂತ ಸ್ವೆಟರು

ನನ್ನ ಪತ್ನಿ ಉಣ್ಣೆ ಹೆಣಿಗೆಯಲ್ಲಿ ಪಳಗಿದವಳು. ಮಳೆಗಾಲದಲ್ಲಿ ಕರೆಂಟು ಇರಲಿ ಬಿಡಲಿ, ಬಚ್ಚಲೊಲೆಯ ಹತ್ತಿರ ಎರಡು ಕಡ್ಡಿ, ಒಂದು ಉಣ್ಣೆಯ ಉಂಡೆ ಹಿಡಿದು ಕೂರುತ್ತಿದ್ದಳು. ಅಕ್ಕಪಕ್ಕದ ತೋಟಗಳ ನಾಲ್ಕಾರು ಹೆಂಗಸರೂ ಬಂದು ಸೇರುತ್ತಿದ್ದರು. ಒಬ್ಬರ ಕುಣಿಕೆ ತಪ್ಪಿದರೆ ಇನ್ನೊಬ್ಬರು ಬಿಚ್ಚಿ ಸರಿಮಾಡುವುದು, ನಡುವೆ ಕಾಫಿ, ಊರ ಸುದ್ದಿ. ನಾನು ಜಗಲಿಯಲ್ಲಿ ಲೆಕ್ಕದ ಪುಸ್ತಕ ಹಿಡಿದು, 'ಇವರಿಗೆ ಮುಗಿಯದ ಮಾತು' ಎಂದುಕೊಳ್ಳುತ್ತಿದ್ದೆ.

ಎರಡು ವರ್ಷದ ಹಿಂದೆ ಆಕೆ ತೀರಿಕೊಂಡಳು. ಕಡ್ಡಿಗಳ ಮೇಲೆಯೇ ಅರ್ಧ ಸ್ವೆಟರು ಉಳಿಯಿತು. ಕಳೆದ ಮಳೆಗಾಲದ ಒಂದು ಸಂಜೆ ಅದನ್ನು ನಾನೇ ಮುಂದುವರಿಸಲು ಕೂತೆ. ಒಂದು ಗಂಟೆಯಲ್ಲಿ ಒಂದು ಸಾಲೂ ಏರಲಿಲ್ಲ. ಆಕೆ ಹಾಕಿದ್ದ ಹತ್ತು ಸಾಲು ಬಿಚ್ಚಿಹೋಯಿತು. ಹೆದರಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ. ಹೇಳಿಕೊಡುತ್ತಿದ್ದ ಹೆಂಗಸರಲ್ಲಿ ಕೆಲವರು ಮಕ್ಕಳ ಜೊತೆ ಬೆಂಗಳೂರು ಸೇರಿದ್ದಾರೆ, ಉಳಿದವರ ಕಣ್ಣು ಮಂಜಾಗಿದೆ.

ನಮ್ಮ ತೋಟಕ್ಕೆ ಹಣ್ಣು ಕುಯ್ಲಿಗೆ ಮಾನ್ವಿ ಮತ್ತು ದೇವದುರ್ಗ ತಾಲ್ಲೂಕುಗಳಿಂದ ಒಂದು ತಂಡ ಬರುತ್ತದೆ. ತಂಡದ ಹಿರಿಯ ಹೆಣ್ಣುಮಗಳೊಬ್ಬಳು ವಾರದ ಬಟವಾಡೆಗೆ ಬಂದಿದ್ದಾಗ ಆ ಸ್ವೆಟರನ್ನು ತೋರಿಸಿ, "ಇದು ಬರುತ್ತದೇನಮ್ಮ?" ಎಂದು ಕೇಳಿದೆ. ಆಕೆ ಮುಟ್ಟಿ ನೋಡಿ, "ಕಡ್ಡಿಲೆ ಹೆಣಿಯೋದು ನಮಗ ಬರಲ್ರಿ ಸಾವ್ಕಾರ್ರೆ. ಕೌದಿ ಅಂದ್ರ ಹೊಲಿತೀವಿ. ಅಮ್ಮಾರ ಸೀರಿ ಇದ್ರ ಹೇಳ್ರಿ" ಎಂದಳು. ಕಲಿಸುತ್ತೀಯಾ ಎಂದದ್ದಕ್ಕೆ ನಕ್ಕು, "ಇಲ್ಲಿ ಎಲ್ಲಿ ಹೊತ್ತೈತ್ರಿ? ಬ್ಯಾಸಿಗ್ಯಾಗ ಊರಿಗೆ ಬರ್ರಿ, ಎಲ್ಲಾರೂ ಕೂಡಿ ಹೊಲಿತೀವಿ" ಎಂದಳು. ತಮಾಷೆಗೆ ಅಂದಿದ್ದಿರಬೇಕು. ನಾನು ಹೊರಟೇಬಿಟ್ಟೆ.

ರಾಯಚೂರಿನ ದಾರಿ

ಯುಗಾದಿ ಕಳೆದು, ಹೂಮಳೆ ಬಿದ್ದು, ತೋಟದಲ್ಲಿ ಸ್ವಲ್ಪ ಬಿಡುವಾದಾಗ ಪತ್ನಿಯ ಏಳು ಹತ್ತಿ ಸೀರೆ, ಆ ಅರ್ಧ ಸ್ವೆಟರು ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ. ಚಿತ್ರದುರ್ಗ, ಬಳ್ಳಾರಿ, ಸಿರುಗುಪ್ಪ, ಸಿಂಧನೂರು ದಾಟಿ, ಮಾನ್ವಿಯ ಮೇಲೆ ಹಾದು ಮೊದಲು ರಾಯಚೂರು ಸೇರಿದೆ. ನೆರಳಲ್ಲಿ ಹುಟ್ಟಿ ಬೆಳೆದ ನಮಗೆ ಆ ಬಿಸಿಲು ಬಾಯಲ್ಲಿ ಹೇಳಿ ತಿಳಿಸುವಂಥದಲ್ಲ. ರಾಜೇಂದ್ರ ಗಂಜಿನಲ್ಲಿ ಅರಳೆಯ ವ್ಯಾಪಾರ ವಿಚಾರಿಸಿದೆ. ಕೃಷ್ಣಾ-ತುಂಗಭದ್ರೆಯರ ನಡುವಿನ ಎರೆಭೂಮಿಯ ಹತ್ತಿ ಬರುವ ಪೇಟೆ ಅದು. ತೀನ್ ಕಂದೀಲ್ ಬಳಿಯ ಅಂಗಡಿಯಲ್ಲಿ ದಪ್ಪ ನೂಲಿನ ದಾರ, ಉದ್ದನೆಯ ಸೂಜಿ ಕೊಂಡೆ. ಯಾರಿಗೆ ಎಂದು ಅಂಗಡಿಯವರು ಕೇಳಿದರು. ನನಗೇ ಎಂದಾಗ ಕಾಸು ಎಣಿಸುವುದನ್ನು ನಿಲ್ಲಿಸಿ ಒಮ್ಮೆ ಮುಖ ನೋಡಿದರು.

ಈ ಜನ ನಮ್ಮಲ್ಲಿಗೆ ಏಕೆ ಬರುತ್ತಾರೆಂಬುದು ಅಲ್ಲಿಗೆ ಹೋದ ಮೇಲೆಯೇ ಚೆನ್ನಾಗಿ ತಿಳಿದದ್ದು. ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿಗಳ ಕಡೆ ಬತ್ತದ ಗದ್ದೆಗಳನ್ನು ಮಾಡಿದೆ. ಆದರೆ ಕಾಲುವೆಯ ಕೊನೆಭಾಗದ ಹಳ್ಳಿಗಳಿಗೆ ನೀರು ತಲುಪುವುದು ನಂಬುವ ಹಾಗಿಲ್ಲ. 2024ರ ಆಗಸ್ಟಿನಲ್ಲಿ ಆ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ತಾವೂ ಓದಿದ್ದೀರಿ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಬಂದಿದೆ. ಅದರ ಆಚೆ ಉಳಿದದ್ದು ಮಳೆಯನ್ನೇ ನಂಬಿದ ಹೊಲ. ಮಳೆ ಕೈಕೊಟ್ಟ ವರ್ಷ ಗಂಟುಮೂಟೆ ಕಟ್ಟಿ ದುಡಿಮೆಗೆ ಹೊರಡಬೇಕು. ಇದನ್ನು ಅವರು 'ಗುಳೆ' ಎನ್ನುತ್ತಾರೆ. ಕೆಲವರು ಬೆಂಗಳೂರು, ಪುಣೆಗಳ ಕಟ್ಟಡ ಕೆಲಸಕ್ಕೆ, ಕೆಲವರು ನಮ್ಮ ಕಾಫಿತೋಟಗಳಿಗೆ. ಆ ಗಂಟಿನಲ್ಲಿ ಪಾತ್ರೆ ಬಿಟ್ಟರೆ ಮುಖ್ಯವಾಗಿ ಇರುವುದು ಕೌದಿ.

ಕೌದಿ ಹೊಲಿಯುವ ಕ್ರಮ

ಮಾನ್ವಿಯಿಂದ ಒಳಗೆ ಆರೇಳು ಮೈಲಿಯ ಒಂದು ಹಳ್ಳಿಯಲ್ಲಿ ಐದು ಮಧ್ಯಾಹ್ನ ಕಲಿತೆ. ಕ್ರಮವನ್ನು ಇಲ್ಲಿ ಬರೆಯುತ್ತೇನೆ. ನಮ್ಮ ಮನೆಗಳಲ್ಲೂ ಹಳೆಯ ಬಟ್ಟೆಗೆ ಬರವಿಲ್ಲ.

ಮೊದಲು ಗಟ್ಟಿಯಿರುವ ಒಂದು ಸೀರೆಯನ್ನು ಅಳತೆಗೆ ಮಡಿಚಿ ನೆಲಕ್ಕೆ ಹಾಸಬೇಕು. ಇದು ತಳ. ಅದರ ಮೇಲೆ ಸವೆದ ಧೋತರ, ಹರಿದ ಅಂಗಿ, ಲಂಗ ಇವುಗಳ ಹೊಲಿಗೆ ಬಿಚ್ಚಿ, ಗುಂಡಿ ತೆಗೆದು, ಗಂಟುಗಳಿಲ್ಲದಂತೆ ಸಮನಾಗಿ ಹರಡಬೇಕು. ಇವು ಒಳಪದರ. ಎಲ್ಲಕ್ಕಿಂತ ಮೇಲೆ ಚೆಂದದ ಸೀರೆ, ಇಲ್ಲವೆ ಬಣ್ಣಬಣ್ಣದ ತುಂಡುಗಳ ಜೋಡಣೆ. ಸುಕ್ಕು ಉಳಿಯದಂತೆ ಅಂಗೈಯಿಂದ ಸವರಿ ನಾಲ್ಕೂ ಅಂಚನ್ನು ಒಳಕ್ಕೆ ಮಡಿಚಿ ದೊಡ್ಡ ಹೊಲಿಗೆಯಲ್ಲಿ ಹಿಡಿಯಬೇಕು. ಆಮೇಲೆ ನಿಜವಾದ ಕೆಲಸ. ಅಂಚಿನಿಂದ ಆರಂಭಿಸಿ ಒಂದು ಬೆರಳಿನ ಅಂತರದಲ್ಲಿ ಸಾಲಿನ ಒಳಗೆ ಸಾಲು, ಚೌಕದ ಒಳಗೆ ಚೌಕದಂತೆ, ಎಲ್ಲ ಪದರಗಳನ್ನೂ ದಾಟುವ ಹಾಗೆ ಸೂಜಿ ಮೇಲೆ ಕೆಳಗೆ ಆಡಿಸುತ್ತ ನಡುವಿನವರೆಗೆ ಹೋಗಬೇಕು.

ಬದಿಗೊಬ್ಬರು ಕೂತರೆ ಕೆಲಸ ಬೇಗ ಸಾಗುತ್ತದೆ. ಎಲ್ಲರ ಸಾಲೂ ನಡುವೆ ಬಂದು ಕೂಡುತ್ತದೆ. ಒಬ್ಬರು ಬಿಗಿಯಾಗಿ ಎಳೆದು ಇನ್ನೊಬ್ಬರು ಸಡಿಲ ಬಿಟ್ಟರೆ ಬಟ್ಟೆ ಒಂದೇ ಕಡೆ ಗುಡ್ಡೆಯಾಗುತ್ತದೆ. ಆದ್ದರಿಂದ ಮಾತು ಎಷ್ಟೇ ಆಡಿದರೂ ಪಕ್ಕದವರ ಕೈ ಮೇಲೆ ಒಂದು ಕಣ್ಣು ಇರಲೇಬೇಕು. ನನ್ನ ಕೈಗೆ ಇದುವರೆಗೆ ಗೊತ್ತಿದ್ದುದು ಕಾಫಿ ಮೂಟೆಯ ಬಾಯಿ ಹೊಲಿಯುವ ದಬ್ಬಣ. ಮೊದಲ ದಿನ ನನ್ನ ಹೊಲಿಗೆ ಒಂದೊಂದೂ ಅರ್ಧ ಅಂಗುಲ. "ಇದರಾಗ ಮಗೀನ ಕಾಲ್ಬೆರಳು ಸಿಗ್ತೈತ್ರಿ ಯಪ್ಪಾ" ಎಂದು ಆ ಮನೆಯ ಮುದುಕಿ ಬಿಚ್ಚಿಸಿದರು. ಎರಡನೆಯ ದಿನವೂ ಬಿಚ್ಚಿಸಿದರು. ಮೂರನೆಯ ದಿನ ಏನೂ ಅನ್ನಲಿಲ್ಲ. ಬಿ.ಎಸ್ಸಿ. ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಕೌದಿ ಸವೆದರೆ ಎಸೆಯುವುದಿಲ್ಲ. ಅದರ ಮೇಲೆಯೇ ಇನ್ನೊಂದು ಸೀರೆ ಹೊದಿಸಿ ಮತ್ತೆ ಹೊಲಿಯುತ್ತಾರೆ. ಆದ್ದರಿಂದ ಹಳೆಯ ಕೌದಿಯೊಂದರಲ್ಲಿ ಅಜ್ಜಿ, ತಾಯಿ, ಸೊಸೆ ಮೂವರ ಸೀರೆಯೂ ಇರುವುದುಂಟು.

ನನ್ನ ತಪ್ಪು

ಈ ಮಾತು ಬಂದದ್ದು ನಾಲ್ಕನೆಯ ಮಧ್ಯಾಹ್ನ. ಮುದುಕಿ ಸೂಜಿ ಆಡಿಸುತ್ತಲೇ, ತನ್ನ ತಾಯಿಯ ಸೀರೆ ಹಾಕಿದ್ದ ಒಂದು ಕೌದಿ ಇತ್ತೆಂದೂ, ಮಗ-ಸೊಸೆ ಗುಳೆ ಹೋಗುವಾಗ ಚಳಿಯ ನಾಡೆಂದು ಅದನ್ನೇ ಕಟ್ಟಿಕೊಟ್ಟಿದ್ದೆನೆಂದೂ, ಅದು ಅಲ್ಲೇ ಹೋಯಿತೆಂದೂ ಹೇಳಿದರು. ಹೇಗೆ ಹೋಯಿತೆಂದು ಯಾರೂ ಹೇಳಲಿಲ್ಲ. ಸೊಸೆ ತಲೆ ತಗ್ಗಿಸಿ ಹೊಲಿಯುತ್ತಿದ್ದಳು.

ನನಗೆ ನೆನಪಾಯಿತು. ಮೂರು ವರ್ಷದ ಹಿಂದೆ, ಮಳೆಗಾಲ ಮುಗಿದು ಲೈನ್ ಮನೆಗಳಿಗೆ ಸುಣ್ಣ ಬಳಿಸುವಾಗ ಅಟ್ಟದ ಮೇಲೆ ಎರಡು ಬಟ್ಟೆಯ ಸುರುಳಿಗಳಿದ್ದವು. ಬೂಷ್ಟು ಹಿಡಿದು ವಾಸನೆ ಬರುತ್ತಿತ್ತು. ಏನು ಮಾಡಲಿ ಎಂದು ಮೇಸ್ತ್ರಿ ಕೇಳಿದ. "ಚಿಂದಿ ಗಂಟು, ಸುಟ್ಟುಹಾಕು" ಎಂದವನು ನಾನು. ಆ ನವೆಂಬರಿನಲ್ಲಿ ತಂಡ ಬಂದಾಗ ಆಕೆ ಅಟ್ಟ ನೋಡಿದಳಂತೆ; ನನ್ನನ್ನು ಏನೂ ಕೇಳಲಿಲ್ಲ. ಆ ವರ್ಷದ ಚಳಿಯನ್ನು ಗೋಣಿಚೀಲ ಹೊದ್ದು ಕಳೆದರಂತೆ. ಅದೇ ವರ್ಷ ನಾನು ವಾರ್ಷಿಕ ವರದಿಯಲ್ಲಿ, ಲೈನ್ ಮನೆಗಳ ದುರಸ್ತಿಯನ್ನು ಮಾದರಿಯಾಗಿ ಮಾಡಿದ್ದೇನೆಂದು ಬರೆದುಕೊಂಡಿದ್ದೆ.

"ಅದನ್ನು ಸುಡಿಸಿದ್ದು ನಾನೇ ಅಮ್ಮ" ಎಂದೆ.

"ಗೊತ್ತೈತ್ರಿ" ಎಂದರು ಮುದುಕಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಲಿಗಿ ವಾರಿ ಹೊಂಟೈತಿ ನೋಡ್ರಿ" ಎಂದು ನನ್ನ ಸಾಲನ್ನು ತೋರಿಸಿದರು.

ಕ್ಷಮಿಸಿದ್ದೇವೆ ಎಂದು ಅವರು ಅನ್ನಲಿಲ್ಲ, ನಾನೂ ಕೇಳಲಿಲ್ಲ. ನನ್ನ ಚೀಲದಲ್ಲಿ ಪತ್ನಿಯ ಏಳು ಸೀರೆ ಇದ್ದವು. ಅವುಗಳಲ್ಲಿ ಒಂದನ್ನು ಯಾರಾದರೂ ಚಿಂದಿ ಎಂದು ಒಲೆಗೆ ಹಾಕಿದ್ದರೆ ನನಗೆ ಏನಾಗುತ್ತಿತ್ತೆಂದು ಯೋಚಿಸುತ್ತ ಆ ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನ ಅರ್ಧ ಸ್ವೆಟರನ್ನು ತೆಗೆದು ಮುಂದಿಟ್ಟೆ. "ಒಳಗ ಹಾಕೂಣ್ರಿ, ಬೆಚ್ಚಗ ಇರ್ತೈತಿ" ಎಂದು ಸೊಸೆ ಕಡ್ಡಿ ಎಳೆದು, ಕುಣಿಕೆ ಬಿಚ್ಚದಂತೆ ದಾರ ಪೋಣಿಸಿ, ಒಳಪದರದ ನಡುವೆ ಹರಡಿದಳು. ಐದನೆಯ ದಿನ ಸಂಜೆ ನಮ್ಮ ಸಾಲುಗಳು ನಡುವೆ ಸೇರಿದವು.

ದೇವದುರ್ಗದಲ್ಲಿ ಕಂಡದ್ದು

ಅಲ್ಲಿಂದ ದೇವದುರ್ಗ ತಾಲ್ಲೂಕಿನಲ್ಲಿರುವ ಆಕೆಯ ತವರಿಗೆ ಹೋದೆವು. ಗುಡಿಯ ಕಟ್ಟೆಯ ನೆರಳಿನಲ್ಲಿ ಹತ್ತು ಹನ್ನೆರಡು ಹೆಂಗಸರು. ಇಂದು ಒಬ್ಬರ ಮನೆಯ ಕೌದಿ, ನಾಳೆ ಇನ್ನೊಬ್ಬರದು. ಕೂಲಿಯಿಲ್ಲ, ಯಾರ ಕೌದಿಯೋ ಅವರ ಮನೆಯ ಚಹಾ. ನಮ್ಮ ಕಡೆ ನಾಟಿಗೆ, ಕೊನೆ ಸುಲಿಯುವುದಕ್ಕೆ ಮುಯ್ಯಾಳು ಹೋಗುತ್ತಿದ್ದೆವಲ್ಲ, ಅದೇ ಪದ್ಧತಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರೆಂದು ನಾವು ಪ್ರತಿ ಸಹಕಾರ ಸಪ್ತಾಹದಲ್ಲಿ ಭಾಷಣ ಮಾಡುತ್ತೇವೆ. ಬೈಲಾ ಇಲ್ಲದ, ರಸೀತಿ ಇಲ್ಲದ ಸಹಕಾರ ಇಲ್ಲಿ ಕಟ್ಟೆಯ ಮೇಲೆ ನಡೆದಿತ್ತು. ನನಗೂ ಒಂದು ಮೂಲೆ ಕೊಟ್ಟರು. ಕಾರ್ಯದರ್ಶಿ ಎಂದು ಯಾರೂ ಅನ್ನಲಿಲ್ಲ. 'ಮಲೆನಾಡಿನ ಮಾವ' ಎಂದರು.

ಈ ವಿದ್ಯೆ ಅಲ್ಲಿಗೇ ಸೀಮಿತವಲ್ಲ. ಅಡಿಕೆ ಬೆಳೆಯುವ ನಮ್ಮ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳು ಹೊರದೇಶಗಳವರೆಗೆ ಹೋಗಿವೆ. ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಹೂವು ಇಡದಿದ್ದರೆ ಅವರಿಗೆ ಕೌದಿ ಪೂರ್ಣವಾದಂತಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆಯಿತು; 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 1755 ಲಂಬಾಣಿ ಕಸೂತಿಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಬಂಗಾಳದಲ್ಲಿ ಇದೇ ಹೊಲಿಗೆಗೆ ಕಾಂಥಾ ಎನ್ನುತ್ತಾರೆ. ಅಮೆರಿಕದ ಅಲಬಾಮಾ ಸೀಮೆಯಲ್ಲಿ ಹತ್ತಿ ಹೊಲದ ಕಪ್ಪು ಜನರ ಹೆಂಗಸರು 1966ರಲ್ಲಿ ಕೌದಿಗಾಗಿಯೇ ಒಂದು ಸಹಕಾರ ಸಂಘ ಕಟ್ಟಿದರು. ಅಲ್ಲಿನ ಜೀಸ್ ಬೆಂಡ್ ಹಳ್ಳಿಯ ಕೌದಿಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ದೊಡ್ಡ ಕಲಾ ಸಂಗ್ರಹಾಲಯದ ಗೋಡೆಗೆ ತೂಗುಹಾಕಿದರು. 2006ರಲ್ಲಿ ಅವುಗಳ ಅಂಚೆಚೀಟಿಯೂ ಬಂತು. ಅಂಥದ್ದನ್ನೇ ನಾನು ಸುಡಿಸಿದ್ದು.

ಸಂಘದ ಮುಂದೆ ಸಲಹೆ

ಮುಂದಿನ ಮಹಾಸಭೆಯಲ್ಲಿ ಮೂರು ವಿಷಯ ಮಂಡಿಸುತ್ತೇನೆ. ಈಗಲೇ ಯೋಚಿಸಿ ಬರಬೇಕೆಂದು ವಿನಂತಿ.

ಒಂದು: ತೋಟಕ್ಕೆ ಬರುವ ಪ್ರತಿ ಕುಟುಂಬಕ್ಕೂ ಬೀಗವಿರುವ ಒಂದು ತಗಡಿನ ಪೆಟ್ಟಿಗೆ. ಊರಿಗೆ ಹೋಗುವಾಗ ಬಿಟ್ಟುಹೋಗುವ ಸಾಮಾನನ್ನು ಅವರು ಬಾರದೆ ಯಾರೂ ಮುಟ್ಟಬಾರದು. ಪೆಟ್ಟಿಗೆಗಳನ್ನು ನೆಲದ ಮೇಲಿಡದೆ, ಹೊಗೆ ಆಡುವ ಅಟ್ಟದ ಮೇಲಿಟ್ಟರೆ ನಮ್ಮ ಮಳೆಯ ಬೂಷ್ಟು ಹಿಡಿಯುವುದು ಕಡಿಮೆ.

ಎರಡು: ಕೌದಿ ನೆನೆದರೆ ಬಹಳ ಭಾರ, ನಮ್ಮ ಹವೆಯಲ್ಲಿ ಬೇಗ ಒಣಗದು. ಕುಯ್ಲು ಮುಗಿದು ಕಣ ಖಾಲಿಯಾದ ಕೂಡಲೆ, ಅವರು ಹೊರಡುವ ಮುಂಚೆ, ಎರಡು ದಿನ ಕಣವನ್ನು ಒಗೆದ ಕೌದಿ ಒಣಗಿಸಲು ಬಿಟ್ಟುಕೊಡಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಮೂರು: ಸಂತೆಯ ದಿನ ಮಧ್ಯಾಹ್ನ ಸಂಘದ ಗೋದಾಮಿನ ಮುಂಭಾಗವನ್ನು ಹೊಲಿಗೆಗೆ ತೆರೆಯುವುದು, ದಾರ-ಸೂಜಿಯನ್ನು ಸಂಘದ ಅಂಗಡಿಯಲ್ಲಿ ಅಸಲು ದರಕ್ಕೆ ಇಡುವುದು. ಮಾರಬೇಕೆನ್ನುವವರ ಕೌದಿಯನ್ನು ಸಂಘವೇ ಪ್ರದರ್ಶಿಸಿ, ಬಂದ ಹಣವನ್ನು ಹೊಲಿದವರ ಕೈಗೇ ಕೊಡುವುದು. ಕಮಿಷನ್ ಬೇಡ. ನಮ್ಮ ಮನೆಗಳ ಹೆಂಗಸರು ಸ್ವೆಟರಿನ ಕಡ್ಡಿ ತರಲಿ, ಅವರು ಸೂಜಿ ತರಲಿ, ಒಬ್ಬರಿಂದ ಒಬ್ಬರು ಕಲಿಯಲಿ.

ಈಗ ನನ್ನ ಹಾಸಿಗೆಯ ಮೇಲೆ ಆ ಕೌದಿ ಇದೆ. ಒಂದು ಬದಿಯ ಸಾಲುಗಳು ವಾರೆಯಾಗಿವೆ, ಅವು ನನ್ನವು. ಉಳಿದ ಎರಡು ಸೀರೆಗಳನ್ನು ಮುದುಕಿಗೆ ಬಿಟ್ಟುಬಂದೆ. ಹೋದ ಕೌದಿಗೆ ಅದು ಸಮವಲ್ಲವೆಂದು ಬಲ್ಲೆ.

ಹೊಲಿಗೆಗೆ ಸೇರುವ ಆಸಕ್ತಿ ಇರುವವರು ಕಚೇರಿಯ ವೇಳೆಯಲ್ಲಿ ನನ್ನಲ್ಲಿ ಹೆಸರು ಬರೆಸಬಹುದು. ಗಂಡಸರಿಗೂ ಅಡ್ಡಿಯಿಲ್ಲ, ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇದೆ.