ರುಧಿರ: ರಕ್ತನಾಳಕ್ಕೆ ದಿಕ್ಕು ತೋರುವ ವಂಶವಾಹಿ

ನಮ್ಮ ಗಡಿನಾಡಿನ ಮನೆಗಳಲ್ಲಿ ನೆತ್ತರಿಗೆ ಹೆಸರುಗಳ ಕೊರತೆಯಿಲ್ಲ. ಜಹೀರಾಬಾದಿನ ಸಂತೆಯಲ್ಲಿ ಒಂದು ಗಳಿಗೆ ನಿಂತರೆ ಕನ್ನಡದ ರಗತ, ತೆಲುಗಿನ ನೆತ್ತುರು, ದಖನಿಯ ಖೂನ್ ಮೂರೂ ಕಿವಿಗೆ ಬೀಳುತ್ತವೆ. ‘ರುಧಿರ’ವೆಂಬುದು ಮಾತ್ರ ಪುರಾಣ ಪ್ರವಚನದ ಮಾತು. ಪಂಚಾಂಗ ನೋಡುವ ರೂಢಿಯಿದ್ದ ಹಿರಿಯರಿಗೆ 1983ರ ಯುಗಾದಿಯಿಂದ ಮೊದಲಾದ ರುಧಿರೋದ್ಗಾರಿ ಸಂವತ್ಸರದ ನೆಪದಲ್ಲಿ ಅದು ನೆನಪಿನಲ್ಲಿ ಉಳಿದಿರಬಹುದು. ಈ ಹಳೆಯ ಶಬ್ದವು ಈಗ ಜಗತ್ತಿನ ಜೀವವಿಜ್ಞಾನದ ಬರಹಗಳಲ್ಲಿ ಒಂದು ವಂಶವಾಹಿಯ ಹೆಸರಾಗಿ ಸೇರಿಕೊಂಡಿದೆ. ಆ ಹೆಸರನ್ನು ಇಟ್ಟವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿ ಡಾ. ಮನೀಷಾ ಇನಾಮದಾರ ಮತ್ತು ಅವರ ವಿದ್ಯಾರ್ಥಿಗಳು.

1989ರಲ್ಲಿ ಸ್ಥಾಪನೆಯಾದ ಈ ಕೇಂದ್ರದಲ್ಲಿ ಇನಾಮದಾರ ಅವರು ರಕ್ತನಾಳಗಳ ಜೀವವಿಜ್ಞಾನಕ್ಕೆ ಮೀಸಲಾದ ಒಂದು ಪ್ರಯೋಗಶಾಲೆಯನ್ನು ಕಟ್ಟಿದರು. ಅಣುವಿನ ಮಟ್ಟದಲ್ಲಿ ವಂಶವಾಹಿ, ಕೋಶದ ಮಟ್ಟದಲ್ಲಿ ಚಲನೆ, ಶರೀರದ ಮಟ್ಟದಲ್ಲಿ ನಾಳಗಳ ಜಾಲ, ಈ ಮೂರನ್ನೂ ಒಂದೇ ಸೂತ್ರದಲ್ಲಿ ಹಿಡಿದು ನೋಡುವುದು ಅವರ ಸಂಶೋಧನೆಯ ಬಗೆ. ಮುಂದೆ ಬೆಂಗಳೂರಿನ ‘ಇನ್‌ಸ್ಟೆಮ್’ ಸಂಸ್ಥೆಯ ನಿರ್ದೇಶಕಿಯ ಹೊಣೆಯೂ ಅವರಿಗೆ ಬಂದಿತು. ಪ್ರಯೋಗಶಾಲೆಯ ಇಂಥ ಸಂಗತಿಗಳು ಪಸ್ತಾಪುರ, ನಾರಾಯಣಖೇಡಗಳ ಮನೆವಾರ್ತೆಗೆ ದೂರವೆಂದು ವಾಚಕರಿಗೆ ತೋರಬಹುದು. ಆದರೆ ಈ ವಂಶವಾಹಿಯ ಕಥೆ ಕೊನೆಗೆ ಬಂದು ನಿಲ್ಲುವುದು ನಮ್ಮ ಮನೆಗಳ ಮದುವೆಯ ಮಾತುಕತೆಯ ಬಳಿಯಲ್ಲಿಯೇ.

ಮೊದಲು ರಕ್ತನಾಳ ಹುಟ್ಟುವ ಬಗೆಯನ್ನು ತಿಳಿಯಬೇಕು. ನೆತ್ತರು ಶರೀರದಲ್ಲಿ ಸುತ್ತಿ ಬರುತ್ತದೆಂದು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಸಾಧಿಸಿ ತೋರಿಸಿದನು. ಅಪಧಮನಿಗಳನ್ನೂ ಅಭಿಧಮನಿಗಳನ್ನೂ ಕೂಡಿಸುವ ಕೂದಲೆಳೆಗಿಂತ ಸಣ್ಣ ಲೋಮನಾಳಗಳನ್ನು ಇಟಲಿಯ ಮಾಲ್ಪಿಗಿ 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಕಂಡನು. ಆದರೆ ಈ ಜಾಲವನ್ನು ಗರ್ಭದೊಳಗೆ ನೇಯುವವರು ಯಾರು ಎಂಬ ಪ್ರಶ್ನೆ ಬಹುಕಾಲ ಹಾಗೆಯೇ ಉಳಿಯಿತು.

ತಾಂಡೂರಿನ ಬದಿಯಲ್ಲಿ ಹರಿಯುವ ಕಾಗಿಣಾ ನದಿಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಇಳಿಜಾರಿನ ಹೊಲದ ಮೇಲೆ ನೀರು ನೂರಾರು ಸಣ್ಣ ಕಾಲುವೆಗಳಾಗಿ ಬಲೆಯಂತೆ ಹರಡುತ್ತದೆ. ಮಳೆ ಜಡಿದಂತೆ ಅವುಗಳಲ್ಲಿ ಕೆಲವು ಕೊರೆದು ಆಳವಾಗುತ್ತವೆ, ಕೆಲವು ಒಂದರೊಳಗೊಂದು ಕೂಡುತ್ತವೆ, ಉಳಿದವು ಮುಚ್ಚಿಹೋಗುತ್ತವೆ. ಕಡೆಗೆ ಹಳ್ಳ, ಹಳ್ಳದಿಂದ ಹೊಳೆ ಎಂಬ ಕ್ರಮ ಏರ್ಪಡುತ್ತದೆ. ಹಾಗೆಯೇ ಭ್ರೂಣದಲ್ಲಿಯೂ ಮೊದಲು ಏಳುವುದು ಒಂದೇ ಅಳತೆಯ ಸಣ್ಣ ನಾಳಗಳ ಜಾಳು ಬಲೆ. ಆಮೇಲೆ ಅದು ತಿದ್ದಿಕೊಂಡು, ಕವಲೊಡೆದು, ದೊಡ್ಡ ನಾಳ ಮತ್ತು ಸಣ್ಣ ನಾಳಗಳ ವ್ಯವಸ್ಥೆಯಾಗುತ್ತದೆ. ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಹೊಳೆಯ ದಡ ತಾನಾಗಿ ನಡೆಯಲಾರದು, ರಕ್ತನಾಳದ ಗೋಡೆಯಾದರೋ ಜೀವವುಳ್ಳದ್ದು. ಅದರ ಒಳಪದರದ ಕೋಶಗಳು ಒಂದೊಂದಾಗಿ ಹೆಜ್ಜೆಯಿಟ್ಟು, ಆಮ್ಲಜನಕ ಸಾಲದೆಡೆಗೆ ದಿಕ್ಕು ಹಿಡಿದು ಸರಿಯುತ್ತವೆ. ಅವು ದಿಕ್ಕು ತಪ್ಪಿದರೆ ನಾಳವೂ ದಿಕ್ಕು ತಪ್ಪುತ್ತದೆ.

ಯಾವ ಯಾವ ವಂಶವಾಹಿಗಳು ಈ ಕೆಲಸದಲ್ಲಿ ಪಾಲುಗೊಳ್ಳುತ್ತವೆಂದು ಹುಡುಕಲು ವಿಜ್ಞಾನಿಗಳು ಒಂದು ಜಾಣ ಬಲೆಯನ್ನು ಬೀಸುತ್ತಾರೆ. ಇಲಿಯ ಭ್ರೂಣದ ಆಕರಕೋಶಗಳೊಳಗೆ ಗುರುತಿನ ತುಣುಕೊಂದನ್ನು ಸೇರಿಸುತ್ತಾರೆ. ಅದು ಎಲ್ಲಿ ಬೇಕೆಂದರಲ್ಲಿ ಹೋಗಿ ಒಂದು ವಂಶವಾಹಿಯ ನಡುವೆ ಸಿಕ್ಕಿಕೊಳ್ಳುತ್ತದೆ. ಆ ವಂಶವಾಹಿ ಯಾವ ಕೋಶದಲ್ಲಿ ಎಚ್ಚರಗೊಳ್ಳುವುದೋ ಆ ಕೋಶ ರಾಸಾಯನಿಕವೊಂದನ್ನು ಹಾಕಿದಾಗ ನೀಲಿಯಾಗುತ್ತದೆ. ಹೃದಯ, ರಕ್ತ ಮತ್ತು ನಾಳಗಳಲ್ಲಿ ನೀಲಿ ಕಂಡರೆ ಬೇಟೆ ಸಿಕ್ಕಿತೆಂದು ಅರ್ಥ. ಜಕ್ಕೂರಿನ ಪ್ರಯೋಗಶಾಲೆ ಬೆಳಕಿಗೆ ತಂದ ಎರಡು ವಂಶವಾಹಿಗಳಿಗೆ ರಕ್ತದ ಹೆಸರುಗಳೇ ದೊರೆತವು. 2003ರಲ್ಲಿ ಪ್ರಕಟವಾದದ್ದು ‘ಅಸೃಜ್’, 2006ರಲ್ಲಿ ಪ್ರಕಟವಾದದ್ದು ‘ರುಧಿರ’. ಅಮರಕೋಶದಲ್ಲಿ ಈ ಎರಡೂ ನೆತ್ತರಿನ ಪರ್ಯಾಯ ನಾಮಗಳಾಗಿ ಅಕ್ಕಪಕ್ಕದಲ್ಲಿಯೇ ಇವೆ. ಹೊಸದಾಗಿ ಕಂಡ ವಂಶವಾಹಿಗೆ ಲ್ಯಾಟಿನ್ನಿನ ಬಾಲವನ್ನೋ ಇಂಗ್ಲಿಷಿನ ಚೇಷ್ಟೆಯ ಹೆಸರನ್ನೋ ಅಂಟಿಸುವ ರೂಢಿಯ ನಡುವೆ ಈ ಆಯ್ಕೆ ಸೊಗಸಾದದ್ದೆಂದು ನನಗನಿಸುತ್ತದೆ.

ಅಸೃಜಿನದು ಬೇರೊಂದು ಕಥೆ, ಅದನ್ನು ಚಿಕ್ಕದಾಗಿ ಹೇಳಿ ಮುಂದೆ ಸಾಗುತ್ತೇನೆ. ಹಣ್ಣಿನ ನೊಣದಿಂದ ಮನುಷ್ಯನವರೆಗೆ ಉಳಿದುಬಂದಿರುವ ಈ ವಂಶವಾಹಿ ರಕ್ತದ ಆಕರಕೋಶಗಳನ್ನು ಅವಸರ ಮಾಡದಂತೆ ತಡೆಹಿಡಿಯುತ್ತದೆ. ನೊಣದಲ್ಲಿ ಅದನ್ನು ತೆಗೆದರೆ ಎಳೆಯ ಕೋಶಗಳು ಹೊತ್ತಿಗೆ ಮುಂಚೆಯೇ ಬಲಿತು ಮೀಸಲು ಬರಿದಾಗುತ್ತದೆಂದು 2011ರಲ್ಲಿ ತೋರಿಸಲಾಯಿತು. ಇಲಿಯಲ್ಲಿಯೂ ಆಕರಕೋಶಗಳು ವಿಶ್ರಾಂತಿಯನ್ನು ಕಳೆದುಕೊಂಡು ಮಿತಿಮೀರಿ ವೃದ್ಧಿಸುತ್ತವೆಂದು 2019ರ ಸಂಶೋಧನೆ ತಿಳಿಸಿತು. ಪಸ್ತಾಪುರದ ಸುತ್ತಲಿನ ಹೆಣ್ಣುಮಕ್ಕಳು ಬಿತ್ತನೆಯ ಜೋಳವನ್ನು ಬೇರೆಯಾಗಿ ತೆಗೆದಿಟ್ಟು, ಎಂಥ ಬರ ಬಂದರೂ ಅದನ್ನು ರೊಟ್ಟಿಗೆ ಬೀಸುವುದಿಲ್ಲವಷ್ಟೆ. ಅಸೃಜ್ ಕಾಯುವುದೂ ಅಂಥ ಬಿತ್ತನೆಯ ಪಾಲನ್ನೇ.

ಇನ್ನು ರುಧಿರದ ವಿಷಯ. ಪ್ರತಿ ಜೀವಕೋಶದೊಳಗೂ ಎಳೆಗಳಿಂದಾದ ಒಂದು ಹಂದರವಿದೆ. ಕೆಲವು ಟೊಳ್ಳು ನಳಿಕೆಗಳಂಥವು, ಕೆಲವು ಹುರಿಗಳಂಥವು. ರುಧಿರ ವಂಶವಾಹಿಯ ಆದೇಶದಂತೆ ತಯಾರಾಗುವ ಪ್ರೋಟೀನು ಈ ಹಂದರದ ಮೇಲೆಯೇ ನೆಲೆಸುತ್ತದೆ. ಕೋಶ ಚಲಿಸಹೊರಟಾಗ ಅದು ಮುಂಭಾಗಕ್ಕೆ ಧಾವಿಸಿ, ಅಲ್ಲಿ ಬೆರಳುಗಳಂಥ ಚಾಚುಗಳು ಮೂಡಲು ನೆರವಾಗುತ್ತದೆ. ಕೋಶದೊಳಗಿನ ಸಲಕರಣೆಗಳನ್ನು ನಡೆಯುವ ದಿಕ್ಕಿಗೆ ತಿರುಗಿಸುತ್ತದೆ. ಇದನ್ನು ಪರೀಕ್ಷಿಸುವ ಬಗೆ ಸರಳವಾದದ್ದು. ತಟ್ಟೆಯಲ್ಲಿ ಒತ್ತಾಗಿ ಬೆಳೆದ ಕೋಶಗಳ ನಡುವೆ ಒಂದು ಗೀರು ಎಳೆಯುತ್ತಾರೆ. ಗಾಯ ಮಾಯುವಂತೆ ಎರಡೂ ಬದಿಯ ಕೋಶಗಳು ಸರಿದು ಆ ಗೀರನ್ನು ತುಂಬುತ್ತವೆ. ರುಧಿರ ಕಡಿಮೆಯಾದ ಕೋಶಗಳು ನಿಧಾನಿಸುತ್ತವೆ, ದಿಕ್ಕುಗೆಡುತ್ತವೆ. ರುಧಿರ ಹೆಚ್ಚಿದವು ಚುರುಕಾಗುತ್ತವೆ. ಇದು 2012ರ ಲೇಖನದ ಸಾರ. ನಳಿಕೆಗಳನ್ನೂ ಹುರಿಗಳನ್ನೂ ಒಂದಕ್ಕೊಂದು ಬಿಗಿದು ಕಟ್ಟುವುದು ರುಧಿರವೇ ಎಂಬುದು 2019ರಲ್ಲಿ ತಿಳಿದುಬಂದಿತು.

ತಟ್ಟೆಯಲ್ಲಿ ಕಂಡದ್ದು ಶರೀರದಲ್ಲಿಯೂ ನಿಜವೇ? ಇದಕ್ಕೆ ಉತ್ತರ 2018ರಲ್ಲಿ ದೊರೆಯಿತು. ರುಧಿರವನ್ನು ಪೂರ್ತಿಯಾಗಿ ತೆಗೆದ ಇಲಿಯ ಭ್ರೂಣಗಳು ಗರ್ಭಾವಧಿಯ ನಡುವಿನಲ್ಲಿಯೇ ಸತ್ತವು. ರಕ್ತನಾಳದ ಒಳಪದರದಲ್ಲಿ ಮಾತ್ರ ತೆಗೆದಾಗಲೂ ಭ್ರೂಣಗಳು ಉಳಿಯಲಿಲ್ಲ. ಮೊದಲ ಜಾಳು ಬಲೆಯೇನೋ ಏಳುತ್ತಿತ್ತು, ಆದರೆ ಹೊಳೆ ಹಳ್ಳಗಳಾಗಿ ತಿದ್ದಿಕೊಳ್ಳಲಿಲ್ಲ. ಹೀಗೆ ಒಂದೇ ವಂಶವಾಹಿಯ ಬೆನ್ನುಹತ್ತಿ ಹತ್ತು ಹನ್ನೆರಡು ವರ್ಷ ಸವೆಸುವುದು ಹೊರಗಿನವರಿಗೆ ಅತಿಯೆನಿಸಬಹುದು. ‘ಇದರಿಂದ ಯಾವ ಔಷಧ ಬಂತು?’ ಎಂದು ಕೇಳುವವರೂ ಉಂಟು. ಔಷಧ ಇನ್ನೂ ಬಂದಿಲ್ಲ.

ಆದರೆ ನಾಳಗಳ ಬೆಳವಣಿಗೆಯನ್ನು ಅರಿತದ್ದರ ಫಲ ಈಗಾಗಲೇ ಅನೇಕರಿಗೆ ಮುಟ್ಟಿದೆ. ಕ್ಯಾನ್ಸರಿನ ಗಂತಿ ತನ್ನತ್ತ ಹೊಸ ರಕ್ತನಾಳಗಳನ್ನು ಎಳೆದುಕೊಂಡೇ ಬೆಳೆಯುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ವಾದಿಸಿದಾಗ ನಂಬದವರೇ ಹೆಚ್ಚು. ನಾಳಗಳನ್ನು ಬೆಳೆಸುವ ಸಂದೇಶವನ್ನು ತಡೆಯುವ ಔಷಧಕ್ಕೆ ಅಲ್ಲಿನ ಸರಕಾರ 2004ರಲ್ಲಿ ಒಪ್ಪಿಗೆ ಕೊಟ್ಟಿತು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಬದಿಯ ಪೊರೆಯಲ್ಲಿ ಅಡ್ಡಾದಿಡ್ಡಿಯಾಗಿ ನಾಳಗಳು ಚಿಗುರಿದಾಗ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದೂ ಇದೇ ತತ್ತ್ವದ್ದು. ರುಧಿರಕ್ಕೂ ಕ್ಯಾನ್ಸರಿಗೂ ನಂಟುಂಟು. ಮನುಷ್ಯನಲ್ಲಿ ಇದೇ ವಂಶವಾಹಿಗೆ ‘ಬಿ.ಸಿ.ಎ.ಎಸ್.-3’ ಎಂದು ಹೆಸರು. ಸ್ತನದ ಕ್ಯಾನ್ಸರಿನ ಕೆಲವು ಕೋಶಗಳಲ್ಲಿ ನಕಲುಗಳು ಹೆಚ್ಚಿಹೋದ ವಂಶವಾಹಿಯೆಂದೇ ಅದು ಮೊದಲು ಪರಿಚಯವಾದದ್ದು. ಮೆದುಳಿನ ಮಾರಕ ಗಂತಿಗಳಲ್ಲಿಯೂ ಅದು ಅಸಹಜವಾಗಿ ಎಚ್ಚರಗೊಂಡಿರುತ್ತದೆಂದು ಇನಾಮದಾರ ಅವರ ತಂಡ ನಿಮ್ಹಾನ್ಸ್ ವೈದ್ಯರೊಡನೆ 2007ರಲ್ಲಿ ತೋರಿಸಿತು.

ಆಕರಕೋಶಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಬಂಜೆತನದ ಚಿಕಿತ್ಸೆಯಲ್ಲಿ ಗರ್ಭದೊಳಗಿಡಲು ಯೋಗ್ಯವಲ್ಲವೆಂದು ಕೈಬಿಟ್ಟ ಭ್ರೂಣಗಳಿಂದ ಇದೇ ಪ್ರಯೋಗಶಾಲೆ ಮನುಷ್ಯರ ಆಕರಕೋಶಗಳ ಎರಡು ಸಂತಾನಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ಇಂಥ ಕೋಶಗಳಿಂದ ತಿಳಿಯಬೇಕಾದದ್ದು ಬಹಳವಿದೆ. ಆದರೆ ‘ಸ್ಟೆಮ್ ಸೆಲ್’ ಎಂಬ ಹೆಸರಿನಲ್ಲಿ ಲಕ್ಷಗಟ್ಟಲೆ ಹಣ ಕೀಳುವ ಚುಚ್ಚುಮದ್ದುಗಳಿಗೂ ಈ ಸಂಶೋಧನೆಗೂ ಸಂಬಂಧವಿಲ್ಲ. ಮೂಳೆಮಜ್ಜೆಯ ಕಸಿಯಂಥ ಕೆಲವು ಒಪ್ಪಿತ ಚಿಕಿತ್ಸೆಗಳನ್ನು ಬಿಟ್ಟರೆ ಉಳಿದುದನ್ನು ಅನುಮತಿ ಪಡೆದ ಪರೀಕ್ಷಾರ್ಥ ಪ್ರಯೋಗದಲ್ಲಿ ಮಾತ್ರ ನಡೆಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಹೇಳುತ್ತದೆ. ಪರೀಕ್ಷಾರ್ಥ ಪ್ರಯೋಗವೆಂದಮೇಲೆ ರೋಗಿಯಿಂದ ಅದಕ್ಕೆ ಹಣ ಕೇಳುವಂತಿಲ್ಲ. ಹೊಲ ಮಾರಲು ಹೊರಟವರು ಈ ಒಂದು ಪ್ರಶ್ನೆಯನ್ನಾದರೂ ಮೊದಲು ಕೇಳಬೇಕು. ಮನುಷ್ಯರ ವಂಶವಾಹಿಗಳನ್ನು ತಿದ್ದುವ ವಿದ್ಯೆಗೆ ಯಾವ ಕಟ್ಟಳೆ ಇರಬೇಕೆಂದು ವಿಚಾರಿಸಲು ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿ, 2021ರಲ್ಲಿ ವರದಿ ಕೊಟ್ಟ ಸಮಿತಿಯಲ್ಲಿ ಇನಾಮದಾರ ಅವರೂ ಇದ್ದರು.

ಅದೇ 2021ರಲ್ಲಿ ರುಧಿರದ ಕಥೆಗೆ ಮತ್ತೊಂದು ತಿರುವು ಬಂದಿತು. ಬೇರೆ ಬೇರೆ ದೇಶಗಳ ವೈದ್ಯರು ಕೂಡಿ, 8 ಕುಟುಂಬಗಳ 15 ಮಂದಿಯಲ್ಲಿ ಈ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿರುವುದನ್ನು ಕಂಡರು. ಬೆಳವಣಿಗೆಯಲ್ಲಿ ಹಿಂದುಳಿಯುವುದು, ಚಿಕ್ಕ ತಲೆ, ಗಿಡ್ಡ ಮೈಕಟ್ಟು, ಮೆಳ್ಳೆಗಣ್ಣು, ಕಾಲುಗಳ ಬಿಗಿತ, ಮೂರ್ಛೆ ಇವು ಅವರಲ್ಲಿ ಕಂಡ ಲಕ್ಷಣಗಳು. ಇಲಿ ಗರ್ಭದಲ್ಲಿಯೇ ಸಾಯುವಾಗ ಮನುಷ್ಯರ ಮಗು ಬದುಕಿ ಹುಟ್ಟುವುದೇಕೆ ಎಂಬುದು ಕುತೂಹಲದ ಪ್ರಶ್ನೆ. ಇದು ಅತಿ ವಿರಳವಾದ ರೋಗ. ಹಿಂದುಳಿದ ಬೆಳವಣಿಗೆಯ ಪ್ರತಿ ಮಗುವಿಗೂ ಇದೇ ಕಾರಣವೆಂದು ಯಾರೂ ತಿಳಿಯಬಾರದು. ಆದರೂ ವರ್ಷಗಟ್ಟಲೆ ಕಾರಣ ತಿಳಿಯದೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದ ತಂದೆತಾಯಿಗಳಿಗೆ ರೋಗದ ಹೆಸರು ತಿಳಿಯುವುದೂ ಸಣ್ಣ ಸಂಗತಿಯಲ್ಲ. ಆ ವಂಶವಾಹಿ ಕೋಶದೊಳಗೆ ಏನು ಮಾಡುತ್ತದೆಂದು ವೈದ್ಯರು ಕೇಳಿದಾಗ ಜಕ್ಕೂರಿನ ಲೇಖನಗಳು ಮೊದಲೇ ಸಿದ್ಧವಾಗಿದ್ದವು.

ಎರಡೂ ಪ್ರತಿ ಕೆಡುವುದೆಂದರೇನು? ಪ್ರತಿ ವಂಶವಾಹಿಯ ಒಂದು ಪ್ರತಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬರುತ್ತದೆ. ಇಂಥ ರೋಗಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಸಂಸಾರ ತೂಗಿಸುತ್ತದೆ. ಹೀಗೆ ಒಂದು ಕೆಟ್ಟ ಪ್ರತಿಯನ್ನು ಹೊತ್ತವರು ಆರೋಗ್ಯವಾಗಿಯೇ ಬಾಳುತ್ತಾರೆ, ಹೊತ್ತದ್ದು ಅವರಿಗೆ ಗೊತ್ತೂ ಇರುವುದಿಲ್ಲ. ಅಂಥ ಇಬ್ಬರು ಗಂಡಹೆಂಡಿರಾದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕಕ್ಕೆ ಒಂದರಂತೆ ಮಗುವಿಗೆ ಎರಡೂ ಕೆಟ್ಟ ಪ್ರತಿ ಸೇರುವ ಸಂಭವವಿದೆ. ಪರಕೀಯರಲ್ಲಿ ಇಬ್ಬರೂ ಒಂದೇ ವಂಶವಾಹಿಯ ಕೆಟ್ಟ ಪ್ರತಿ ಹೊತ್ತಿರುವುದು ಅಪರೂಪ. ರಕ್ತಸಂಬಂಧಿಗಳಲ್ಲಿ ಅಷ್ಟು ಅಪರೂಪವಲ್ಲ. ಅತ್ತೆಯ ಮಗ ಮಾವನ ಮಗಳು ಎಂಟರಲ್ಲಿ ಒಂದು ಪಾಲು ವಂಶವಾಹಿಗಳನ್ನು ಹಂಚಿಕೊಂಡಿರುತ್ತಾರೆ. ಸೋದರಮಾವ ಮತ್ತು ಅಕ್ಕನ ಮಗಳು ನಾಲ್ಕರಲ್ಲಿ ಒಂದು ಪಾಲು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನಾಲ್ಕಕ್ಕೆ ಒಂದಕ್ಕಿಂತ ತುಸು ಹೆಚ್ಚು ಮದುವೆಗಳು ಸಂಬಂಧಿಕರೊಳಗೇ ಆದಂಥವು. ಗಡಿಯ ಈಚೆಗಿರುವ ನಮ್ಮವರಲ್ಲಿ ಇದಕ್ಕೆ ಮತ್ತೊಂದು ಕಾರಣವೂ ಕೂಡಿದೆಯೆಂದು ನನ್ನ ಎಣಿಕೆ. ಹೊಲ ಒಡೆಯಬಾರದೆಂಬುದು ಎಲ್ಲ ಕಡೆಯ ಮಾತು. ಕೊಟ್ಟ ಮನೆಯಲ್ಲಿ ಮಗಳು ಕನ್ನಡದಲ್ಲಿಯೇ ಮಾತಾಡಿಕೊಂಡಿರಲಿ, ಬೀದರಿನ ತವರಿಗೆ ಬಂದುಹೋಗಿ ಇರಲಿ ಎಂಬ ಆಸೆ ನಮ್ಮದು. ಆ ಆಸೆಯಲ್ಲಿ ತಪ್ಪಿಲ್ಲ, ಸಂಬಂಧದಲ್ಲಿ ಮದುವೆಯಾದ ಬಹುಪಾಲು ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸಾಮಾನ್ಯವಾಗಿ ನೂರಕ್ಕೆ 2-3 ಮಕ್ಕಳಲ್ಲಿ ಕಾಣುವ ಗಂಭೀರ ಹುಟ್ಟು ದೋಷ, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಸುಮಾರು ಇಮ್ಮಡಿಯಾಗುತ್ತದೆ. ಸೋದರಮಾವನ ಮದುವೆಯಲ್ಲಿ ಸಂಭವ ಅದಕ್ಕೂ ಹೆಚ್ಚು.

ಇಂಥ ಮಗು ಹುಟ್ಟಿದಾಗ ಮನೆಯವರ ಬೆರಳು ಮೊದಲು ತಿರುಗುವುದು ಸೊಸೆಯ ಕಡೆಗೆ. ಗ್ರಹಣದಲ್ಲಿ ಹೊರಗೆ ಬಂದಳೆಂದೋ ಉಣ್ಣಬಾರದ್ದನ್ನು ಉಂಡಳೆಂದೋ ಆಡಿಕೊಳ್ಳುತ್ತಾರೆ. ಎರಡು ಪ್ರತಿಯಲ್ಲಿ ಒಂದು ಮಗನಿಂದಲೂ ಬಂದಿದೆಯೆಂಬುದನ್ನು ಅತ್ತೆ ಮಾವಂದಿರಿಗೆ ಯಾರಾದರೂ ತಿಳಿಸಿ ಹೇಳಬೇಕು.

ಮನೆತನದಲ್ಲಿ ಒಂದು ಮಗುವಿಗೆ ಕಾರಣ ತಿಳಿಯದ ಬೆಳವಣಿಗೆಯ ತೊಂದರೆ ಇದ್ದು, ಮತ್ತೆ ಅದೇ ಸಂಬಂಧದಲ್ಲಿ ಮಾತುಕತೆ ನಡೆದಿದ್ದರೆ ಅಥವಾ ಎರಡನೆಯ ಬಸಿರಿನ ವಿಚಾರವಿದ್ದರೆ, ಆನುವಂಶಿಕ ರೋಗಗಳ ವೈದ್ಯರನ್ನು ಮೊದಲು ಕಾಣುವುದು ಲೇಸು. ನಮಗೆ ಹತ್ತಿರದ್ದೆಂದರೆ ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಆನುವಂಶಿಕ ವಿಭಾಗ. ಬೆಂಗಳೂರಿನಲ್ಲಿಯೂ ಇಂಥ ಕೇಂದ್ರಗಳಿವೆ. ಹೋಗುವಾಗ ಮಗುವಿನ ಹಳೆಯ ಕಾಗದಪತ್ರಗಳ ಜೊತೆಗೆ ಮೂರು ತಲೆಮಾರಿನ ಸಂಬಂಧವನ್ನು ಬರೆದುಕೊಂಡು ಹೋಗಬೇಕು. ಯಾರು ಯಾರನ್ನು ತಂದುಕೊಂಡರು, ಎಷ್ಟು ಮಕ್ಕಳಾದರು, ಎಳವೆಯಲ್ಲಿ ತೀರಿಕೊಂಡವರು ಯಾರು, ಬಸಿರು ಇಳಿದದ್ದು ಯಾರಿಗೆ ಎಂದು ವೈದ್ಯರು ಕೇಳುವುದು ಖಂಡಿತ. ಇವೆಲ್ಲ ಮನೆಯ ಅಜ್ಜಿಗೆ ಬಾಯಿಪಾಠವಾಗಿರುತ್ತವೆ. ಬಸ್ಸು ಹತ್ತುವ ಹಿಂದಿನ ದಿನವೇ ಆಕೆಯ ಬಳಿ ಕುಳಿತು ಬರೆದುಕೊಂಡರೆ ಸಾಕು.